ಕಿವಿಯಿಂದ ಕಲಿತ ಭಾಷಾ ಮೇಷ್ಟ್ರು

ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಮನೆಯಲ್ಲಿ ಕನ್ನಡ ಕಡಿಮೆ ಮಾಡಬೇಕು ಎಂದು ನಂಬಿರುವ ತಂದೆ ತಾಯಂದಿರು ಬಹಳ ಮಂದಿ ಇದ್ದಾರೆ. ಊರಿನ ಆಡುಮಾತು ನಾಲಿಗೆಗೆ ಅಂಟಿಕೊಂಡರೆ ಪುಸ್ತಕದ ಭಾಷೆ ಕೆಡುತ್ತದೆ ಎನ್ನುವವರೂ ಇದ್ದಾರೆ. ಒಂದು ತಲೆಯಲ್ಲಿ ಎರಡು ಮೂರು ಭಾಷೆ ತುಂಬಿದರೆ ಯಾವುದೂ ನೆಟ್ಟಗೆ ಬರುವುದಿಲ್ಲ ಎಂಬುದು ಇನ್ನೊಂದು ಮಾತು. ಈ ಮೂರು ನಂಬಿಕೆಗಳನ್ನೂ ತಮ್ಮ ಬದುಕಿನಿಂದಲೇ ಪರೀಕ್ಷೆಗೆ ಒಡ್ಡಿದ ಒಬ್ಬ ಮೇಷ್ಟ್ರು ಚೀನಾದಲ್ಲಿದ್ದರು. ಅವರ ಹೆಸರು ಚಾವೊ ಯುವಾನ್‌ರೆನ್. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಆದ್ದರಿಂದ ಇಲ್ಲಿ ಅವರನ್ನು ಚಾವೊ ಎಂದೇ ಕರೆಯೋಣ.

ಓದಿದ್ದು ಗಣಿತ. ಮೊದಲು ಕಲಿಸಿದ್ದು ಭೌತಶಾಸ್ತ್ರ. ಹೆಸರಾದದ್ದು ಮಾತ್ರ ಭಾಷೆಯ ಅಧ್ಯಾಪಕರಾಗಿ! ಚೀನೀ ಭಾಷೆಯ ಹತ್ತಾರು ಒಳನುಡಿಗಳನ್ನು ಆಡಬಲ್ಲವರಾಗಿದ್ದ ಅವರು ಇಂಗ್ಲಿಷಿನಲ್ಲಿ ಎಷ್ಟು ನುರಿತರೆಂದರೆ, ಅಮೆರಿಕದ ಭಾಷಾವಿಜ್ಞಾನಿಗಳು 1945ರಲ್ಲಿ ಅವರನ್ನು ತಮ್ಮ ಸಂಘದ ಅಧ್ಯಕ್ಷರನ್ನಾಗಿ ಆರಿಸಿಕೊಂಡರು. ಇದನ್ನೆಲ್ಲ ಅವರು ಸಾಧಿಸಿದ್ದು ಹೇಗೆ? ಹುಟ್ಟುವಾಗಲೇ ಬಂದ ವರವೇ? ಸ್ವಲ್ಪ ಮಟ್ಟಿಗೆ ಹೌದೆನ್ನಬಹುದು. ಆದರೆ ಅವರ ಜೀವನವನ್ನು ಕೂಲಂಕಷವಾಗಿ ನೋಡಿದರೆ ನಮ್ಮ ಮಕ್ಕಳಿಗೂ ದಕ್ಕುವಂಥ ಒಂದು ಸರಳ ಸತ್ಯ ಅಲ್ಲಿ ಕಾಣುತ್ತದೆ.

ಮನೆಯಲ್ಲಿ ಒಂದು, ಓದಿನಲ್ಲಿ ಇನ್ನೊಂದು

ಚಾವೊ ಹುಟ್ಟಿದ್ದು 1892ರ ನವೆಂಬರ್ 3ರಂದು, ಉತ್ತರ ಚೀನಾದ ತಿಯಾನ್‌ಜಿನ್ ಪಟ್ಟಣದಲ್ಲಿ. ಮನೆತನದ ಮೂಲ ಮಾತ್ರ ದಕ್ಷಿಣಕ್ಕೆ, ಯಾಂಗ್‌ತ್ಸೆ ನದಿಯ ಸೀಮೆಯ ಚಾಂಗ್‌ಝೌ. ಅಜ್ಜ ಸರ್ಕಾರಿ ಅಧಿಕಾರಿ. ವರ್ಗವಾದಾಗಲೆಲ್ಲ ಕುಟುಂಬವೂ ಉತ್ತರದ ಒಂದು ಊರಿನಿಂದ ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟುತ್ತಿತ್ತು.

ಚೀನೀ ಭಾಷೆ ಎಂದರೆ ಒಂದೇ ಭಾಷೆ ಎಂದು ನಾವು ತಿಳಿದಿರುತ್ತೇವೆ. ಬರವಣಿಗೆಯ ಮಟ್ಟಿಗೆ ಅದು ಬಹುಪಾಲು ನಿಜ. ಮಾತಿನಲ್ಲಿ ಹಾಗಿಲ್ಲ. ಬೀಜಿಂಗಿನವನ ಮಾತು ಷಾಂಘೈಯವನಿಗೆ, ಷಾಂಘೈಯವನ ಮಾತು ಕ್ಯಾಂಟನ್ನಿನವನಿಗೆ ಸುಲಭವಾಗಿ ಅರ್ಥವಾಗದು. ನಮ್ಮ ಮೈಸೂರು ಕನ್ನಡ, ಧಾರವಾಡ ಕನ್ನಡಗಳ ನಡುವೆ ಇರುವ ವ್ಯತ್ಯಾಸದಂಥದಲ್ಲ ಅದು. ಕನ್ನಡ, ತಮಿಳುಗಳ ನಡುವಿನ ದೂರದಂಥದು. ಅವೆಲ್ಲವನ್ನೂ ಒಂದೇ ಬಗೆಯ ಲಿಪಿ ಕಟ್ಟಿಹಾಕಿದೆ. ಅಕ್ಷರ ಒಂದೇ, ಒಬ್ಬೊಬ್ಬರು ಅದನ್ನು ಓದುವ ಬಗೆ ಒಂದೊಂದು.

ಬಾಲಕ ಚಾವೊ ಬೆಳೆದದ್ದು ಇಂಥ ಗೊಂದಲದ ನಡುವೆ. ಬೀದಿಯಲ್ಲಿ, ಆಟದಲ್ಲಿ, ಆಳುಕಾಳುಗಳ ಜೊತೆಯಲ್ಲಿ ಉತ್ತರದ ಮಾತು. ಆದರೆ ಮನೆಗೆ ಬಂದು ಪಾಠ ಹೇಳುತ್ತಿದ್ದ ಗುರುಗಳು ಚಾಂಗ್‌ಝೌ ಕಡೆಯವರು. ಅವರು ಪ್ರಾಚೀನ ಗ್ರಂಥಗಳನ್ನು ಓದಿಸುತ್ತಿದ್ದುದು ಚಾಂಗ್‌ಝೌ ಉಚ್ಚಾರದಲ್ಲಿ. ಮನೆಯ ಬಂಧುಗಳಲ್ಲಿ ಚಾಂಗ್‌ಷು ಎಂಬ ಇನ್ನೊಂದು ಊರಿನ ಮಾತಾಡುವವರೂ ಇದ್ದರು; ಹುಡುಗ ಅದನ್ನೂ ಹಿಡಿದುಕೊಂಡ. ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಅಜ್ಜ ತೀರಿಕೊಂಡು ಕುಟುಂಬ ಚಾಂಗ್‌ಝೌಗೆ ಮರಳಿದಾಗ, ಹುಡುಗನಿಗೆ ಆ ಊರಿನ ಉಚ್ಚಾರದಲ್ಲಿ ಕಠಿಣ ಗ್ರಂಥಗಳನ್ನು ಓದಲು ಬರುತ್ತಿತ್ತು. ಆದರೆ ಅದೇ ಉಚ್ಚಾರದಲ್ಲಿ ‘ಊಟ ಆಯಿತೇ?’ ಎಂದು ಕೇಳಲು ಬರುತ್ತಿರಲಿಲ್ಲ!

ತಂದೆ ಕೊಳಲು ನುಡಿಸುತ್ತಿದ್ದರು. ತಾಯಿ ‘ಕುನ್‌ಚು’ ಎಂಬ ಹಳೆಯ ಸಂಗೀತ ನಾಟಕದ ಹಾಡುಗಳನ್ನು ಹಾಡುತ್ತಿದ್ದರು. ಮಗುವಿನ ಕಿವಿ ಹದಗೊಂಡದ್ದು ಅಲ್ಲಿ. ಆದರೆ ಈ ಸುಖ ಹೆಚ್ಚು ಕಾಲ ಉಳಿಯಲಿಲ್ಲ. 1904ರಲ್ಲಿ, ಒಂದೇ ವರ್ಷದಲ್ಲಿ, ತಾಯಿಯೂ ತೀರಿಕೊಂಡರು, ತಂದೆಯೂ ತೀರಿಕೊಂಡರು. ಹುಡುಗನಿಗೆ ಆಗ ಹನ್ನೆರಡು ವರ್ಷವೂ ತುಂಬಿರಲಿಲ್ಲ.

ತಬ್ಬಲಿ ಹುಡುಗನನ್ನು ಸುಝೌ ಪಟ್ಟಣದ ಬಂಧುಗಳ ಮನೆಗೆ ಕಳುಹಿಸಲಾಯಿತು. ಅಲ್ಲಿ ಮತ್ತೊಂದು ಮಾತು. ಪರರ ಮನೆಯಲ್ಲಿ ಬೆಳೆಯುವ ಮಗುವಿಗೆ ಆ ಮನೆಯವರ ಮಾತು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಆಟಕ್ಕೆ ಸೇರಿಸಿಕೊಳ್ಳುವವರಿರುವುದಿಲ್ಲ; ತಮಾಷೆ ಅರ್ಥವಾಗುವುದಿಲ್ಲ. ಸುಝೌ ಮಾತನ್ನೂ ಅವನು ಕಲಿತ. ವ್ಯಾಕರಣ ಪುಸ್ತಕ ಹಿಡಿದಲ್ಲ; ಅಂಥ ಪುಸ್ತಕವೇ ಇರಲಿಲ್ಲ. ಕೇಳಿ, ಕೇಳಿದ್ದನ್ನು ಹಾಗೆಯೇ ಹೇಳಿ ಕಲಿತ. ಒಂದು ಮಾತನ್ನು ಸೇರಿಸಿಕೊಳ್ಳಲು ಹಿಂದಿನದನ್ನು ಬಿಟ್ಟುಕೊಡಲೂ ಇಲ್ಲ. ಉತ್ತರದವರೊಡನೆ ಉತ್ತರದ ಮಾತು, ಚಾಂಗ್‌ಝೌನವರೊಡನೆ ಚಾಂಗ್‌ಝೌ ಮಾತು, ಸುಝೌನವರೊಡನೆ ಸುಝೌ ಮಾತು. ಒಂದರ ಜೊತೆ ಒಂದು ಕಲಸಿಹೋಗಲಿಲ್ಲ. ಯಾರ ಜೊತೆ ಯಾವ ಮಾತು ಎಂಬುದು ಸ್ಪಷ್ಟವಾಗಿದ್ದರೆ ಮಗುವಿನ ತಲೆ ಅವನ್ನು ಬೇರೆ ಬೇರೆ ಗೂಡಿನಲ್ಲೇ ಇಡುತ್ತದೆ.

ಹಾಡಿನ ಜೊತೆ ಬಂದ ಇಂಗ್ಲಿಷ್

ಇಂಗ್ಲಿಷಿನ ಅಕ್ಷರಗಳು ಚಾವೊಗೆ ಪರಿಚಯವಾದದ್ದು ಚಾಂಗ್‌ಝೌನ ಶಾಲೆಯಲ್ಲಿ, ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ. ಇಂದಿನ ಲೆಕ್ಕದಲ್ಲಿ ತೀರ ತಡ. ಶಿಶುವಿಹಾರದಲ್ಲೇ ಇಂಗ್ಲಿಷ್ ಪ್ರಾಸ ಪದ್ಯ ಹೇಳಿಸದಿದ್ದರೆ ಮಗುವಿನ ಭವಿಷ್ಯವೇ ಹಾಳಾಯಿತೆಂದು ಚಿಂತಿಸುವವರು ಇದನ್ನು ಗಮನಿಸಬೇಕು.

1907ರಲ್ಲಿ ಆತ ನಾನ್‌ಜಿಂಗ್‌ನ ಉನ್ನತ ಶಾಲೆಗೆ ಸೇರಿದ. ಅಲ್ಲಿ ಅಮೆರಿಕದ ಟೆನೆಸೀ ಪ್ರಾಂತ್ಯದಿಂದ ಬಂದ ಕಾರ್ವರ್ ಎಂಬ ಅಧ್ಯಾಪಕರಿದ್ದರು. ಅವರು ವಿದ್ಯಾರ್ಥಿಗಳನ್ನು ಮನೆಗೆ ಕರೆಯುತ್ತಿದ್ದರು. ಪಿಯಾನೊ ನುಡಿಸುತ್ತಿದ್ದ ಅವರ ಪತ್ನಿಯಿಂದ ಚಾವೊ ಇಂಗ್ಲಿಷ್ ಹಾಡುಗಳನ್ನು ಕಲಿತ. ಹಾಡು ಕಲಿಯುವಾಗ ನಾಲಿಗೆ ತಾನಾಗಿಯೇ ಲಯಕ್ಕೆ ಒಗ್ಗುತ್ತದೆ; ಯಾವ ಪದಭಾಗವನ್ನು ಒತ್ತಿ ಹೇಳಬೇಕು, ಯಾವುದನ್ನು ಹಗುರವಾಗಿ ಬಿಡಬೇಕು ಎಂಬುದು ತಾಳದ ಜೊತೆಗೇ ಬಂದುಬಿಡುತ್ತದೆ. ಭಾರತದ ಅಥವಾ ಚೀನಾದ ವಿದ್ಯಾರ್ಥಿಗಳ ಇಂಗ್ಲಿಷ್ ವಿದೇಶಿಯರಿಗೆ ಅರ್ಥವಾಗದೆ ಹೋಗುವುದು ಸಾಮಾನ್ಯವಾಗಿ ವ್ಯಾಕರಣದ ತಪ್ಪಿನಿಂದಲ್ಲ, ಈ ಒತ್ತಿನ ತಪ್ಪಿನಿಂದ. ಆ ಪಾಠ ಆ ಮನೆಯ ಪಿಯಾನೊ ಪಕ್ಕದಲ್ಲಿ ಮುಗಿದಿತ್ತು.

ಅದೇ ಶಾಲೆಯಲ್ಲಿ ಬೇರೆ ಬೇರೆ ಪ್ರಾಂತ್ಯದ ಹುಡುಗರಿದ್ದರು. ನಾನ್‌ಜಿಂಗ್‌ನವರೇ ಆದ ಸಹಪಾಠಿಗಳಿಂದ ಆತ ಆ ಊರಿನ ಮಾತು ಕಲಿತ. ದೂರದ ಫೂಝೌ ಕಡೆಯ ಮಾತಿಗೂ ಕೈ ಹಾಕಿದ. 1906ರಲ್ಲಿ ಬರೆಯಲು ಶುರುಮಾಡಿದ ದಿನಚರಿಯನ್ನು ಮುಂದೆ ಜೀವನದ ಕೊನೆಯವರೆಗೂ ಬಿಡಲಿಲ್ಲ. ಕಿವಿ ಎಷ್ಟು ಚುರುಕೋ ಶಿಸ್ತೂ ಅಷ್ಟೇ ಬಿಗಿ.

1910ರಲ್ಲಿ ಅಮೆರಿಕದ ವಿದ್ಯಾರ್ಥಿವೇತನಕ್ಕಾಗಿ ಬೀಜಿಂಗಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ಆಯ್ಕೆಯಾದವರು ಸುಮಾರು 70 ಮಂದಿ. ಚಾವೊ ಅವರದು ಎರಡನೆಯ ಸ್ಥಾನ. ಮುಂದೆ ಚೀನೀ ಸಾಹಿತ್ಯದಲ್ಲಿ ಕ್ರಾಂತಿಯನ್ನೇ ಮಾಡಿದ ಹೂ ಷೀ ಅದೇ ಪಟ್ಟಿಯಲ್ಲಿ 55ನೆಯವರು. ಆ ವರ್ಷದ ಆಗಸ್ಟ್‌ನಲ್ಲಿ ಇವರೆಲ್ಲ ಒಂದೇ ಹಡಗಿನಲ್ಲಿ ಷಾಂಘೈ ಬಿಟ್ಟರು.

ಗಣಿತದಿಂದ ಭಾಷೆಗೆ

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಚಾವೊ ಆರಿಸಿಕೊಂಡದ್ದು ಗಣಿತ. 1914ರಲ್ಲಿ ಪದವಿ, ಆನಂತರ ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರದಲ್ಲಿ 1918ರಲ್ಲಿ ಡಾಕ್ಟರೇಟ್. 1919ರಲ್ಲಿ ಮತ್ತೆ ಕಾರ್ನೆಲ್‌ಗೆ ಬಂದು ಒಂದು ವರ್ಷ ಭೌತಶಾಸ್ತ್ರ ಕಲಿಸಿದರು. ಗೆಳೆಯರೊಡನೆ ಸೇರಿ ಚೀನೀಯರಿಗಾಗಿ ವಿಜ್ಞಾನ ಸಂಘವೊಂದನ್ನು ಕಟ್ಟಿ, 1915ರಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಬರಲೂ ಕಾರಣರಾದರು.

ಈ ನಡುವೆ ಕಾರ್ನೆಲ್‌ನಲ್ಲಿ ಅವರು ಧ್ವನಿಶಾಸ್ತ್ರದ ಪಾಠಗಳನ್ನೂ ಕೇಳಿದ್ದರು. ಜಗತ್ತಿನ ಯಾವ ಭಾಷೆಯ ಧ್ವನಿಯನ್ನಾದರೂ ಬರೆದಿಡಬಲ್ಲ ಅಂತರರಾಷ್ಟ್ರೀಯ ಧ್ವನಿಲಿಪಿಯ ಪರಿಚಯ ಆದದ್ದು ಅಲ್ಲಿ. ಬಾಲ್ಯದಿಂದ ಕಿವಿಗೆ ಮಾತ್ರ ಗೊತ್ತಿದ್ದ ವ್ಯತ್ಯಾಸಗಳನ್ನು ಈಗ ಕಾಗದದ ಮೇಲೆ ಗುರುತಿಸಲು ಸಾಧ್ಯವಾಯಿತು. ತಾನಾಗಿ ಹಾಡು ಕಲಿತವನಿಗೆ ಒಂದು ದಿನ ಸ್ವರಲಿಪಿ ಸಿಕ್ಕಿದರೆ ಹೇಗೋ ಹಾಗೆ. ಇಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಮೊದಲು ಕಿವಿ, ಆಮೇಲೆ ನಾಲಿಗೆ, ಕೊನೆಗೆ ಶಾಸ್ತ್ರ. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವಾಗ ಬಹುಮಟ್ಟಿಗೆ ಈ ಕ್ರಮ ತಲೆಕೆಳಗಾಗಿದೆ.

‘ನಿಮ್ಮದು ಯಾವ ತಾಲ್ಲೂಕು?’

1920ರಲ್ಲಿ ಚಾವೊ ಚೀನಾಕ್ಕೆ ಮರಳಿದಾಗ ಬ್ರಿಟನ್ನಿನ ಪ್ರಸಿದ್ಧ ತತ್ವಜ್ಞಾನಿ, ಗಣಿತಜ್ಞ ಬರ್ಟ್ರಂಡ್ ರಸೆಲ್ ಅಲ್ಲಿಗೆ ಉಪನ್ಯಾಸ ಪ್ರವಾಸಕ್ಕೆ ಬಂದರು. ಅನುವಾದಕ ಬೇಕಾಗಿತ್ತು. ಇಂಗ್ಲಿಷ್, ಗಣಿತ, ತತ್ವಶಾಸ್ತ್ರ ಮೂರೂ ಬಲ್ಲ ಚೀನೀ ತರುಣ ಇನ್ನಾರು? ಆ ಕೆಲಸ ಚಾವೊ ಅವರ ಪಾಲಿಗೆ ಬಂತು.

ಭಾಷಣ ಎಲ್ಲಿ ನಡೆಯುತ್ತದೆಯೋ ಅಲ್ಲಿಯ ಮಾತಿಗೆ ಹತ್ತಿರವಾಗಿ ಅನುವಾದಿಸುವುದು ಅವರ ಹಂಬಲ. ಹ್ಯಾಂಗ್‌ಝೌನಲ್ಲಿ ಹ್ಯಾಂಗ್‌ಝೌ ಮಾತಿನಲ್ಲಿ ಹೇಳಿದರು. ಮುಂದೆ ಹೂನಾನ್ ಪ್ರಾಂತ್ಯದ ಚಾಂಗ್‌ಷಾಗೆ ಹೋಗಬೇಕಿತ್ತು. ಹೂನಾನ್ ಮಾತು ಅವರಿಗೆ ಬರುತ್ತಿರಲಿಲ್ಲ. ಆದರೆ ಪ್ರಯಾಣದಲ್ಲಿ ಆ ಪ್ರಾಂತ್ಯದವರೊಬ್ಬರು ಜೊತೆಗಿದ್ದರು. ದಾರಿಯುದ್ದಕ್ಕೂ ಅವರನ್ನು ಮಾತಾಡಿಸುತ್ತ, ಕೇಳುತ್ತ, ಅನುಕರಿಸುತ್ತ ಹೋದರು. ಚಾಂಗ್‌ಷಾದ ವೇದಿಕೆಯ ಮೇಲೆ ರಸೆಲ್ ಅವರ ಇಂಗ್ಲಿಷನ್ನು ಹೂನಾನ್ ಮಾತಿನಲ್ಲಿಯೇ ಅನುವಾದಿಸಿದರು.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು, ‘ನಿಮ್ಮದು ಹೂನಾನ್‌ನ ಯಾವ ತಾಲ್ಲೂಕು?’ ಎಂಬರ್ಥದಲ್ಲಿ ವಿಚಾರಿಸಿದನಂತೆ! ತಾವು ಹೂನಾನ್ ಮಾತನ್ನು ಅರೆಬರೆ ಆಡುವ ಉತ್ತರದವರೆಂದು ಅವನಿಗೆ ಹೊಳೆಯಲಿಲ್ಲ. ಉತ್ತರದ ಮಾತನ್ನು ಅರೆಬರೆ ಕಲಿತ ಹೂನಾನ್‌ನವರೆಂದು ಭಾವಿಸಿದ ಎಂದು ಚಾವೊ ಆನಂತರ ತಮಾಷೆಯಾಗಿ ಬರೆದುಕೊಂಡರು. ಕೆಲವು ದಿನಗಳಲ್ಲಿ ಯಾರಿಗೂ ಒಂದು ಭಾಷೆ ಪೂರ್ತಿ ಬರುವುದಿಲ್ಲ. ಅವರಿಗೆ ಬಂದದ್ದು ಆ ಮಾತಿನ ರಾಗ. ಯಾವ ಧ್ವನಿಯ ಜಾಗದಲ್ಲಿ ಯಾವ ಧ್ವನಿ ಬರುತ್ತದೆ, ಎಲ್ಲಿ ದನಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಹಿಡಿದರೆ ಗೊತ್ತಿರುವ ಪದಗಳೇ ಹೊಸ ವೇಷ ತೊಟ್ಟು ಬರುತ್ತವೆ.

ಯಾರೂ ಆಡದ ರಾಷ್ಟ್ರಭಾಷೆ

ಆ ಕಾಲದ ಚೀನಾದ ಮುಂದೆ ಒಂದು ದೊಡ್ಡ ಸಮಸ್ಯೆ ಇತ್ತು. ದೇಶಕ್ಕೆಲ್ಲ ಒಂದು ಸಾಮಾನ್ಯ ಮಾತು ಬೇಕು, ಯಾವುದು? 1913ರಲ್ಲಿ ಪ್ರತಿನಿಧಿಗಳ ಸಭೆ ಸೇರಿತು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಮತ. ಆರು ಸಾವಿರಕ್ಕೂ ಹೆಚ್ಚು ಅಕ್ಷರಗಳ ಉಚ್ಚಾರವನ್ನು ಮತ ಹಾಕಿ ತೀರ್ಮಾನಿಸಿದರು. ಉತ್ತರದ ಉಚ್ಚಾರಕ್ಕೆ ದಕ್ಷಿಣದ ಕೆಲವು ಲಕ್ಷಣಗಳನ್ನು ಬೆರೆಸಿದ ಒಂದು ಹದ ಸಿದ್ಧವಾಯಿತು. ಎಲ್ಲರಿಗೂ ಸ್ವಲ್ಪ ಸ್ವಲ್ಪ ನ್ಯಾಯ ಸಿಕ್ಕಿತು. ಆದರೆ ಅದನ್ನು ಆಡುವವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ!

ಕಲಿಯುವವರಿಗೆ ಮಾದರಿ ಬೇಕಲ್ಲ? 1921ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ಗ್ರಾಮಫೋನ್ ಕಂಪನಿಯಲ್ಲಿ ಈ ‘ರಾಷ್ಟ್ರೀಯ ಉಚ್ಚಾರ’ದ ತಟ್ಟೆಗಳಿಗೆ ದನಿ ಕೊಟ್ಟವರು ಚಾವೊ. ಇಂಥ ಕೃತಕ ಉಚ್ಚಾರವನ್ನು ತಪ್ಪಿಲ್ಲದೆ ಆಡಬಲ್ಲ ನಾಲಿಗೆ ಅವರದೊಂದೇ. ನಲವತ್ತು ಐವತ್ತು ಕೋಟಿ ಜನರ ರಾಷ್ಟ್ರಭಾಷೆ ಎಂದು ಉದ್ದೇಶಿಸಿದ ಮಾತನ್ನು ಹದಿಮೂರು ವರ್ಷ ತಾವೊಬ್ಬರೇ ಆಡಿದಂತಾಯಿತು ಎಂದು ಅವರು ಮುಂದೆ ನಗೆಯಾಡಿದ್ದುಂಟು.

ಕೊನೆಗೆ ಬುದ್ಧಿವಂತಿಕೆ ಗೆದ್ದಿತು. 1932ರಲ್ಲಿ ಬೀಜಿಂಗಿನ ಜನ ನಿತ್ಯ ಆಡುವ ಉಚ್ಚಾರವನ್ನೇ ಪ್ರಮಾಣವೆಂದು ಸರ್ಕಾರ ಪ್ರಕಟಿಸಿತು. ಚಾವೊ ತಾವು ಅಷ್ಟು ಶ್ರಮಪಟ್ಟು ದನಿ ಕೊಟ್ಟದ್ದನ್ನು ಕೈಬಿಟ್ಟು ಈ ಬದಲಾವಣೆಯ ಪರ ನಿಂತರು. ಸಮಿತಿಯಲ್ಲಿ ಕೂತು ಭಾಷೆಯನ್ನು ತಯಾರಿಸಲಾಗದು. ತಾಯಿ ಮಗುವಿನೊಡನೆ, ತರಕಾರಿಯವಳು ಗಿರಾಕಿಯೊಡನೆ ಆಡುವ ಮಾತಿಗೆ ಮಾತ್ರ ಉಸಿರಿರುತ್ತದೆ.

ಅವರು ಬರೆದ ಒಂದು ಪುಟ್ಟ ಕತೆಯೂ ಇದೇ ಪಾಠವನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಕಲ್ಲಿನ ಗುಹೆಯಲ್ಲಿದ್ದ ಕವಿಯೊಬ್ಬ ಹತ್ತು ಸಿಂಹಗಳನ್ನು ತಿನ್ನಲು ಹೊರಟ ಕತೆ. ತೊಂಬತ್ತಕ್ಕೂ ಹೆಚ್ಚು ಅಕ್ಷರಗಳಿರುವ ಈ ಕತೆಯನ್ನು ಹಳೆಯ ಗ್ರಾಂಥಿಕ ಚೀನೀ ಭಾಷೆಯಲ್ಲಿ ಬರೆದಿದ್ದಾರೆ. ಕಣ್ಣಿನಿಂದ ಓದಿದರೆ ಸ್ಪಷ್ಟವಾಗಿ ಅರ್ಥವಾಗುತ್ತದೆ. ಆದರೆ ಇಂದಿನ ಉಚ್ಚಾರದಲ್ಲಿ ಗಟ್ಟಿಯಾಗಿ ಓದಿದರೆ ಕೇಳಿಸುವುದು ‘ಷಿ ಷಿ ಷಿ’ ಎಂಬ ಒಂದೇ ಸದ್ದು, ಅದೂ ಕತೆಯ ಕೊನೆಯವರೆಗೆ! ಕಣ್ಣಿಗಾಗಿ ಇರುವ ಭಾಷೆ ಬೇರೆ, ಕಿವಿಗಾಗಿ ಇರುವ ಭಾಷೆ ಬೇರೆ ಎಂಬುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಸಿಗಲಾರದು.

ದನಿಗೊಂದು ಅಳತೆಗೋಲು

ಚೀನೀ ಭಾಷೆಯನ್ನು ಹೊರಗಿನವರಿಗೆ ಕಷ್ಟವಾಗಿಸುವುದು ಅದರ ಸ್ವರಭೇದ. ಕನ್ನಡದಲ್ಲಿ ‘ಹೌದಾ’ ಎಂಬುದನ್ನು ದನಿ ಏರಿಸಿ ಹೇಳಿದರೆ ಪ್ರಶ್ನೆ, ಇಳಿಸಿ ಹೇಳಿದರೆ ಒಪ್ಪಿಗೆ ಅಥವಾ ಬೇಸರ. ಪದ ಬದಲಾಗದು, ಭಾವ ಬದಲಾಗುತ್ತದೆ. ಚೀನೀ ಭಾಷೆಯಲ್ಲಿ ಪದವೇ ಬದಲಾಗಿಬಿಡುತ್ತದೆ. ‘ಮಾ’ ಎಂಬುದನ್ನು ಎತ್ತರದಲ್ಲಿ ಸಮನಾಗಿ ಹಿಡಿದರೆ ತಾಯಿ, ಪ್ರಶ್ನೆ ಕೇಳುವಂತೆ ಏರಿಸಿದರೆ ಸೆಣಬಿನ ಜಾತಿಯ ನಾರುಗಿಡ, ತಗ್ಗಿಸಿ ಮತ್ತೆ ಎತ್ತಿದರೆ ಕುದುರೆ, ‘ಸಾಕು!’ ಎಂದು ಗದರುವಂತೆ ಮೇಲಿನಿಂದ ಕೆಳಕ್ಕೆ ಬೀಳಿಸಿದರೆ ಬೈಯುವುದು. ಸ್ವಲ್ಪ ಎಡವಟ್ಟಾದರೆ ತಾಯಿ ಕುದುರೆಯಾಗುತ್ತಾಳೆ!

ಇದನ್ನು ಬರೆದಿಡುವುದು ಹೇಗೆ? ಗಂಡಸಿನ ದನಿ ಸೆಕೆಂಡಿಗೆ ಸುಮಾರು 100ರಿಂದ 150 ಕಂಪನಗಳ ಆಸುಪಾಸಿನಲ್ಲಿದ್ದರೆ ಚಿಕ್ಕ ಮಗುವಿನದು ಸುಮಾರು 300. ಇಬ್ಬರೂ ‘ಮಾ’ ಎಂದು ತಾಯಿಯನ್ನೇ ಕರೆದರೂ ಕಂಪನಸಂಖ್ಯೆ ಒಂದೇ ಆಗಿರುವುದಿಲ್ಲ. ಇಲ್ಲಿ ಚಾವೊ ಅವರ ವಿಜ್ಞಾನವೂ ಸಂಗೀತವೂ ನೆರವಿಗೆ ಬಂದವು. ನಮ್ಮ ಕರ್ನಾಟಕ ಸಂಗೀತದಲ್ಲಿ ಹಾಡುಗಾರರು ತಮ್ಮ ತಮ್ಮ ಕಂಠಕ್ಕೆ ತಕ್ಕ ಶ್ರುತಿ ಇಟ್ಟುಕೊಂಡರೂ ಸ್ವರಗಳ ನಡುವಿನ ಅಂತರ ಒಂದೇ ಆಗಿರುತ್ತದೆ. ಹಾಗೆಯೇ ಪ್ರತಿಯೊಬ್ಬರ ದನಿಯ ಹರವನ್ನು ತಗ್ಗಿನಿಂದ ಎತ್ತರದವರೆಗೆ ಐದು ಮೆಟ್ಟಿಲುಗಳಾಗಿ ಮಾಡಿದರೆ ಸಾಕು ಎಂದು ಚಾವೊ 1930ರಲ್ಲಿ ಸೂಚಿಸಿದರು. ಈ ಲೆಕ್ಕದಲ್ಲಿ ತಾಯಿಯ ‘ಮಾ’ 55, ನಾರುಗಿಡದ್ದು 35, ಕುದುರೆಯದು 214, ಬೈಗುಳದ್ದು 51. ಇಂದಿಗೂ ಜಗತ್ತಿನಾದ್ಯಂತ ಭಾಷಾವಿಜ್ಞಾನಿಗಳು ಸ್ವರಭಾಷೆಗಳನ್ನು ಬರೆದಿಡಲು ಈ ಅಳತೆಗೋಲನ್ನೇ ಬಳಸುತ್ತಾರೆ.

ಇದು ಕುರ್ಚಿಯಲ್ಲಿ ಕೂತು ಮಾಡಿದ ಕೆಲಸವಲ್ಲ. 1927ರಲ್ಲಿ ಅವರು ಸಹಾಯಕರೊಬ್ಬರೊಡನೆ ಯಾಂಗ್‌ತ್ಸೆ ಸೀಮೆಯ 33 ಊರುಗಳನ್ನು ಸುತ್ತಿ ಅಲ್ಲಿನ ಮಾತುಗಳನ್ನು ಗುರುತು ಹಾಕಿಕೊಂಡರು. ಮರುವರ್ಷ ಅದು ಪುಸ್ತಕವಾಗಿ ಬಂತು. ಚೀನೀ ಉಪಭಾಷೆಗಳ ಆಧುನಿಕ ಅಧ್ಯಯನಕ್ಕೆ ಅದು ಅಡಿಗಲ್ಲು. ಬಾಲ್ಯದಲ್ಲಿ ಬಂಧುಗಳ ಮನೆಯಲ್ಲಿ ಕಲಿತಿದ್ದ ಚಾಂಗ್‌ಝೌ, ಚಾಂಗ್‌ಷು, ಸುಝೌ ಮಾತುಗಳು ಇದೇ ಸೀಮೆಯವು. ತಬ್ಬಲಿ ಹುಡುಗನಾಗಿ ಕಲಿತದ್ದು ಪಂಡಿತನಾದಾಗ ಬಂಡವಾಳವಾಯಿತು.

ತರಗತಿಯಲ್ಲಿ ಚಾವೊ

1920ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ, ಆಮೇಲೆ ಬೀಜಿಂಗಿನ ಚಿಂಗ್‌ಹುವಾದಲ್ಲಿ, 1938ರಲ್ಲಿ ಚೀನಾ ಬಿಟ್ಟ ಮೇಲೆ ಹವಾಯಿ, ಯೇಲ್, ಮತ್ತೆ ಹಾರ್ವರ್ಡ್‌ಗಳಲ್ಲಿ, 1947ರಿಂದ ನಿವೃತ್ತರಾಗುವ ತನಕ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಚಾವೊ ಪಾಠ ಹೇಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ಬೇಗ ಚೀನೀ ಭಾಷೆ ಕಲಿಸಬೇಕಾದ ಹೊಣೆ ಹಾರ್ವರ್ಡ್‌ನಲ್ಲಿ ಅವರ ಮೇಲೆ ಬಿತ್ತು.

ಅವರ ಪಾಠದ ರೀತಿ ತಮ್ಮ ಅನುಭವದಿಂದಲೇ ಮೂಡಿದ್ದು. ಮೊದಲ ಹಂತದಲ್ಲಿ ಚೀನೀ ಅಕ್ಷರಗಳ ಗೊಡವೆಯೇ ಇಲ್ಲ. ಧ್ವನಿ ಮತ್ತು ಸ್ವರ, ಇವೆರಡೇ. ಅಧ್ಯಾಪಕರು ವಿವರಿಸುವುದು ಸ್ವಲ್ಪ. ಆ ಭಾಷೆಯನ್ನು ಹುಟ್ಟಿನಿಂದ ಆಡುವವರ ಜೊತೆ ಸಣ್ಣ ಗುಂಪುಗಳಲ್ಲಿ ಮತ್ತೆ ಮತ್ತೆ ಹೇಳಿ ಅಭ್ಯಾಸ ಮಾಡುವುದು ಬಹಳ. ಅಡಿಪಾಯ ಸೊಟ್ಟಗಾದರೆ ಗೋಡೆಯೆಲ್ಲ ಸೊಟ್ಟ ಎಂಬುದು ಇದರ ತತ್ವ. ಓದಲು ಅನುಕೂಲವಾಗಲೆಂದು ಅವರು ಮತ್ತು ಸಂಗಡಿಗರು ರೋಮನ್ ಅಕ್ಷರಗಳ ಬರಹ ಪದ್ಧತಿಯೊಂದನ್ನು ರೂಪಿಸಿದ್ದರು. 1928ರಲ್ಲಿ ಚೀನಾ ಸರ್ಕಾರ ಅದಕ್ಕೆ ಮನ್ನಣೆ ಕೊಟ್ಟಿತ್ತು. ಅದರಲ್ಲಿ ಸ್ವರಭೇದ ತೋರಿಸಲು ತಲೆಯ ಮೇಲೆ ಗುರುತು ಹಾಕುವ ಬದಲು ಕಾಗುಣಿತವನ್ನೇ ಬದಲಿಸುತ್ತಿದ್ದರು. ತಗ್ಗಿ ಏಳುವ ಸ್ವರಕ್ಕೆ ಸ್ವರಾಕ್ಷರವನ್ನು ಎರಡು ಸಲ ಬರೆಯುವುದು, ಹೀಗೆ. ಕಲಿಯುವವನು ಸ್ವರವನ್ನು ಮರೆತರೆ ಪದದ ಕಾಗುಣಿತವೇ ತಪ್ಪಾಗುತ್ತಿತ್ತು. ಈ ಪದ್ಧತಿ ಬಹಳ ಕಾಲ ಉಳಿಯಲಿಲ್ಲ; 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಪದ್ಧತಿಯೇ ಇಂದು ಎಲ್ಲೆಡೆ ಬಳಕೆಯಲ್ಲಿದೆ.

ಇಂಗ್ಲಿಷಿನ ಜೊತೆಗೆ ಅವರ ಒಡನಾಟ ಎಷ್ಟು ಆಳಕ್ಕೆ ಹೋಗಿತ್ತು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಶ್ಲೇಷೆ, ಕುಚೋದ್ಯಗಳಿಂದ ತುಂಬಿದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಅನ್ನು 1922ರಲ್ಲಿ ಅವರು ಚೀನೀ ಆಡುಮಾತಿಗೆ ತಂದರು. ಗ್ರಾಂಥಿಕ ಭಾಷೆಯಲ್ಲಿ ಬರೆಯುವುದೇ ಮರ್ಯಾದೆ ಎಂಬ ಭಾವನೆ ಇನ್ನೂ ಅಳಿಯದ ಕಾಲ ಅದು. ಇನ್ನೊಂದು ಅಡುಗೆಮನೆಯದು. ವೈದ್ಯೆಯಾಗಿದ್ದ ಅವರ ಪತ್ನಿ ಯಾಂಗ್ ಬೂವೆ 1945ರಲ್ಲಿ ಚೀನೀ ಅಡುಗೆಯ ಪುಸ್ತಕ ಬರೆದಾಗ ಮಗಳೂ ಚಾವೊ ಅವರೂ ಸೇರಿ ಅದನ್ನು ಇಂಗ್ಲಿಷಿಗೆ ತಂದರು. ದೊಡ್ಡ ಉರಿಯ ಮೇಲೆ ಕೈಯಾಡಿಸುತ್ತ ಬೇಗ ಹುರಿಯುವ ವಿಧಾನಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿರಲಿಲ್ಲ. ‘ಸ್ಟಿರ್-ಫ್ರೈ’ ಎಂಬ ಪದ ಬಳಕೆಗೆ ಬಂದದ್ದು ಈ ಪುಸ್ತಕದಿಂದ. ಹದಿಮೂರು ದಾಟಿದ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಿದವರು ಇಂಗ್ಲಿಷಿಗೇ ಹೊಸ ಪದ ಕೊಟ್ಟರು!

ಒಂದು ಕಾಗದದ ಚೂರಿನ ಪ್ರಯೋಗ

ಕಿವಿಯನ್ನು ಹದಗೊಳಿಸುವುದು ಎಂದರೆ ಏನು? ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ತೆಳುವಾದ ಕಾಗದದ ಪಟ್ಟಿಯೊಂದನ್ನು ತುಟಿಗಳ ಮುಂದೆ ನೇತಾಡುವಂತೆ ಹಿಡಿಯಿರಿ. ಕನ್ನಡದ ‘ಪದ’ ಎಂದು ಹೇಳಿ. ಕಾಗದ ಅಲುಗುವುದು ಬಹಳ ಕಡಿಮೆ. ಈಗ ‘ಫಲ’ ಎಂಬುದನ್ನು ಮಹಾಪ್ರಾಣ ಬಿಡದೆ, ಹಲ್ಲಿಗೆ ತುಟಿ ತಾಗಿಸದೆ, ‘ಪ’ಕಾರದ ಜೊತೆ ‘ಹ’ಕಾರ ಬೆರೆಸಿ ಹೇಳಿ. ಕಾಗದ ಹಾರುತ್ತದೆ. ಉಸಿರಿನ ಈ ಗುಕ್ಕೇ ಮಹಾಪ್ರಾಣ.

ಇಂಗ್ಲಿಷಿನವರು ‘ಪೆನ್’ ಎನ್ನುವಾಗ ಕಾಗದ ಹಾರುತ್ತದೆ. ‘ಸ್ಪೆಂಡ್’ ಎನ್ನುವಾಗ ಹಾರುವುದಿಲ್ಲ. ಎರಡು ಕಡೆಯೂ ಬರೆಯುವ ಅಕ್ಷರ ಒಂದೇ. ಪುಸ್ತಕ ನೋಡಿ ಕಲಿತವರಿಗೆ ಈ ವ್ಯತ್ಯಾಸ ಎಂದೂ ತಿಳಿಯದು. ಕಿವಿಗೊಟ್ಟು ಕೇಳಿದವರಿಗೆ ತಾನಾಗಿ ಬರುತ್ತದೆ.

ಚೀನೀ ಭಾಷೆಯಲ್ಲಿ ಇದೇ ಗುಕ್ಕು ಅರ್ಥವನ್ನೇ ಬದಲಿಸುತ್ತದೆ. ಬೀಳುವ ಸ್ವರದಲ್ಲಿ ಅಲ್ಪಪ್ರಾಣದ ‘ಪಾ’ ಎಂದರೆ ತಂದೆ. ಅದೇ ಸ್ವರದಲ್ಲಿ ಮಹಾಪ್ರಾಣದ ‘ಫಾ’ ಎಂದರೆ ಹೆದರುವುದು! ಪಿನ್‌ಯಿನ್‌ನಲ್ಲಿ ಈ ಅಲ್ಪಪ್ರಾಣವನ್ನು ಇಂಗ್ಲಿಷಿನ ‘ಬಿ’ ಅಕ್ಷರದಿಂದಲೂ ಮಹಾಪ್ರಾಣವನ್ನು ‘ಪಿ’ ಅಕ್ಷರದಿಂದಲೂ ಬರೆಯುತ್ತಾರೆ. ನಾವು ಬೀಜಿಂಗ್ ಎಂದು ಓದುವ ಊರಿನ ಹೆಸರು ಅಲ್ಲಿಯವರ ಬಾಯಲ್ಲಿ ‘ಪೆಯ್‌ಚಿಂಗ್’ ಎಂಬುದಕ್ಕೇ ಹತ್ತಿರವಾಗಿ ಕೇಳಿಸುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಹಿಡಿಯಲು ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿ ಸಾಕಷ್ಟು ಒದ್ದಾಡಬೇಕು. ಕನ್ನಡದ ಮಗುವಿಗೆ ಅದು ವರ್ಣಮಾಲೆಯಲ್ಲೇ ಸಿಕ್ಕಿದೆ. ಪ್ರಾಚೀನ ಚೀನೀ ವಿದ್ವಾಂಸರು ತಮ್ಮ ವ್ಯಂಜನಗಳನ್ನು ಉಚ್ಚಾರಸ್ಥಾನಕ್ಕೆ ತಕ್ಕಂತೆ ವಿಂಗಡಿಸಲು ಬೌದ್ಧ ಭಿಕ್ಷುಗಳ ಮೂಲಕ ಬಂದ ಸಂಸ್ಕೃತ ವರ್ಣಮಾಲೆಯ ಕ್ರಮವೇ ನೆರವಾಗಿತ್ತು. ನಮ್ಮ ‘ಕ ಖ ಗ ಘ ಙ’ ಬಾಯಿಪಾಠಕ್ಕಷ್ಟೇ ಇರುವುದಲ್ಲ. ಬೇರೆ ಭಾಷೆಗಳ ಧ್ವನಿಗಳಿಗೆ ಅದೊಂದು ಕೀಲಿಕೈ.

ನಮ್ಮ ಮನೆಗಳಿಗೆ

ಚಾವೊ ಅವರ ಬದುಕಿನಿಂದ ತಿಳಿಯುವುದು ಇಷ್ಟು. ಮನೆಯ ಮಾತು ಹೊಸ ಭಾಷೆಗೆ ಅಡ್ಡಿಯಲ್ಲ. ಒಂದು ಮಾತನ್ನು ಚೆನ್ನಾಗಿ ಕೇಳಿಸಿಕೊಂಡ ಕಿವಿ ಇನ್ನೊಂದನ್ನೂ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ನಮ್ಮಲ್ಲೂ ಇದಕ್ಕೆ ಸಾಕ್ಷಿ ಇಲ್ಲದಿಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟರು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು ಆಡುವ ಸಾವಿರಾರು ಮಕ್ಕಳು ನಮ್ಮ ಶಾಲೆಗಳಿಗೆ ಬರುತ್ತಾರೆ. ಅವರ ನಾಲಿಗೆ ಹಿಂದುಳಿದದ್ದಲ್ಲ. ಒಂದು ಭಾಷೆಯ ಮಗುವಿಗಿಂತ ಅವರು ಒಂದು ಹೆಜ್ಜೆ ಮುಂದೆ ಇದ್ದಾರೆ.

ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಚಾವೊ ಅವರಿಗೆ ಒಂದೊಂದು ಮಾತಿನ ಹಿಂದೆಯೂ ಒಬ್ಬೊಬ್ಬ ಮನುಷ್ಯ ಇದ್ದರು. ಪಾಠ ಹೇಳಿದ ಗುರು, ಸುಝೌನ ಬಂಧುಗಳು, ಪಿಯಾನೊ ನುಡಿಸಿದ ಮೇಷ್ಟ್ರ ಹೆಂಡತಿ, ಪ್ರಯಾಣದ ಜೊತೆಗಾರ. ಗೈಡು ಬಾಯಿಪಾಠ ಮಾಡಿ ಇಂಗ್ಲಿಷ್ ಕಲಿಯುವ ಮಗುವಿಗೆ ಆ ಮನುಷ್ಯ ಇರುವುದಿಲ್ಲ. ಇಂದು ರೇಡಿಯೊ, ಟಿ.ವಿ., ಮೊಬೈಲ್ ಫೋನು ಎಲ್ಲವೂ ಕೈಗೆಟಕುವಂತಿವೆ. ಒಳ್ಳೆಯ ಉಚ್ಚಾರ ಕೇಳಲು ವಿದೇಶಕ್ಕೆ ಹೋಗಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷ ಕೇಳಿ, ಕೇಳಿದ್ದನ್ನು ಗಟ್ಟಿಯಾಗಿ ಹೇಳಿ, ತಪ್ಪಿದರೆ ನಗದೆ ತಿದ್ದುವ ಒಬ್ಬರು ಪಕ್ಕದಲ್ಲಿದ್ದರೆ ಸಾಕು. ಅವರು ಇಂಗ್ಲಿಷ್ ಪಂಡಿತರೇ ಆಗಬೇಕೆಂದಿಲ್ಲ. ಅಕ್ಕ ಆಗಬಹುದು, ಸಹಪಾಠಿ ಆಗಬಹುದು. ಮಗು ತಪ್ಪು ಇಂಗ್ಲಿಷ್ ಆಡಿದಾಗ ನೆಂಟರ ಮುಂದೆ ನಾಚಿಸುವ ಮನೆಯಲ್ಲಿ ಮಾತ್ರ ಯಾವ ಸಾಧನವಿದ್ದರೂ ಪ್ರಯೋಜನವಿಲ್ಲ. ನಾಚಿದ ನಾಲಿಗೆ ತೆರೆಯುವುದಿಲ್ಲ.

ಚಾವೊ ದೀರ್ಘಕಾಲ ಅಮೆರಿಕದಲ್ಲಿ ನೆಲೆಸಿದರೂ 1973ರಲ್ಲಿ ಮತ್ತು 1981ರಲ್ಲಿ ತಾಯ್ನಾಡಿಗೆ ಹೋಗಿಬಂದರು. 1982ರ ಫೆಬ್ರವರಿಯಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ತೀರಿಕೊಂಡರು. ಅವರು 1926ರಲ್ಲಿ ರಾಗ ಹಾಕಿದ ವಿರಹದ ಹಾಡೊಂದು ಚೀನಾದಲ್ಲಿ ಇಂದಿಗೂ ಜನಪ್ರಿಯ. ಅವರು ರೂಪಿಸಿದ ರೋಮನ್ ಬರಹ ಪದ್ಧತಿ ಇಂದು ಬಳಕೆ ತಪ್ಪಿದೆ. ದನಿ ಕೊಟ್ಟ ಕೃತಕ ರಾಷ್ಟ್ರಭಾಷೆ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಮಾತ್ರ ಉಳಿದಿದೆ. ಜನರ ಬಾಯಿಂದ ಕೇಳಿ ಬರೆದಿಟ್ಟ ಊರೂರ ಮಾತುಗಳ ದಾಖಲೆಯನ್ನು ಮಾತ್ರ ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ.